ಒಂದು ಗೆಣ್ಣಿನ ದೂರ

ಮಗ್ದಲೀನ್ ಬಾಯಿಯನ್ನು ಯಾರಾದರೂ ‘ಪಾಪದ ಹೆಂಗಸು, ತುಂಬ ಸಾಧು’ ಅಂತ ಹೇಳಿದರೆ ನನಗೆ ಮೈ ಉರಿಯುತ್ತದೆ. ಪಾಪವಂತೆ, ಪಾಪ! ಕುವೈಟಿನ ಖೈತಾನ್ ಪೇಟೆಯ ಇಂಡಿಯನ್ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳ ಆಯಾ ಆಗಿದ್ದವರು ಅವರು. ಒಂದು ಕೈಯಲ್ಲಿ ಮಕ್ಕಳ ಮೂಗು ಒರೆಸುತ್ತಾ ಇನ್ನೊಂದು ಕೈ ಎತ್ತಿ ಬಸ್ಸಿನ ಡ್ರೈವರಿಗೆ ಜೋರು ಮಾಡುತ್ತಿದ್ದರು. ಡ್ರೈವರ್ ಪಠಾಣ. ಇವರು ಬೈಯುವುದು ತುಳುವಿನಲ್ಲಿ, ಅವನು ಉತ್ತರ ಕೊಡುವುದು ಅವನ ಭಾಷೆಯಲ್ಲಿ. ಕೊನೆಗೆ ಬಸ್ಸು ನಿಲ್ಲುವುದು ಮಾತ್ರ ಇವರು ಹೇಳಿದ ಜಾಗದಲ್ಲೇ.

ನಾನು ಸುಬೈದಾ, ಅವರ ಎದುರು ಬಾಗಿಲಿನವಳು. ನನ್ನ ಗಂಡ ಉಮ್ಮರ್ ಕುಂಞಿ ಕೆಳಗಿನ ರಸ್ತೆಯ ಟ್ರಾವೆಲ್ಸ್‌ನಲ್ಲಿ ಟಿಕೆಟ್ ಕೌಂಟರಿನವರು. ನಮ್ಮದು ಬ್ಯಾರಿ ಭಾಷೆ, ಅವರದು ಕೊಂಕಣಿ, ಎರಡು ಬಾಗಿಲಿನ ನಡುವೆ ತುಳು. ನಾನು ಅವರನ್ನು ಬಾಯಮ್ಮ ಅಂತ ಕರೆಯುತ್ತಿದ್ದೆ, ನಮ್ಮ ಕಡೆ ಕ್ರಿಸ್ತರ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದಲ್ಲವಾ. ಶುಕ್ರವಾರ ನಮ್ಮ ಬಿರಿಯಾನಿ ಅಲ್ಲಿಗೆ, ಭಾನುವಾರ ಅವರ ಸನ್ನಾಸ್ ಅನ್ನುವ ಇಡ್ಲಿ ಇಲ್ಲಿಗೆ. ಕುವೈಟಿನಲ್ಲಿ ಹೇಗೂ ಹಂದಿ ಸಿಗುವುದಿಲ್ಲ, ಹಾಗಾಗಿ ಅವರ ಅಡಿಗೆಮನೆ ನಮಗೆ ನಿಶ್ಚಿಂತೆ. ಇದನ್ನು ನಾನು ಬಾಯಮ್ಮನ ಎದುರೇ ಹೇಳುತ್ತಿದ್ದೆ, ಅವರು ಸೌಟಿನಿಂದ ಹೊಡೆಯಲಿಕ್ಕೆ ಬರುತ್ತಿದ್ದರು.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಬಂದ ಸಂಸಾರ ಅದು. ಗಂಡ ಅಲೋಶಿಯಸ್ ಪೊರ್ಬುಗಳು ರಾಯ್ ಅನ್ನುವ ಕಡೆ ಒಂದು ವರ್ಕ್‌ಶಾಪಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದರು. ಮಾತು ಕಮ್ಮಿ. ಮನೆಯ ಮಾತೆಲ್ಲ ಬಾಯಮ್ಮನದ್ದು, ನಗುವೆಲ್ಲ ಅವರದ್ದು. ಇಬ್ಬರು ಹೆಣ್ಣುಮಕ್ಕಳು, ಐವಿ ಮತ್ತು ರೋಶ್ನಿ. ಇಬ್ಬರೂ ನರ್ಸುಗಳಾಗಿ ಇಲ್ಲಿಯೇ ಒಂದು ಆಸ್ಪತ್ರೆಗೆ ಸೇರಿದರು. ಐವಿ ಉದ್ದಕ್ಕೆ ಇದ್ದಾಳೆ, ಗಂಭೀರ, ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವ ಜಾತಿ. ರೋಶ್ನಿ ಅಪ್ಪನ ಮುದ್ದು. ಡ್ಯೂಟಿಗೆ ಹೋಗುವ ವಯಸ್ಸಿನಲ್ಲೂ ಅಪ್ಪ ಕೆಲಸದಿಂದ ಬಂದ ಕೂಡಲೇ ಅವರ ಅಂಗಿಯ ಕಿಸೆಗೆ ಕೈ ಹಾಕಿ ಮಿಠಾಯಿ ಹುಡುಕುವವಳು. ಮುಖ ಮಾತ್ರ ಇಬ್ಬರದೂ ಒಂದೇ ಅಚ್ಚು.

ತೊಂಬತ್ತೆಂಟರ ಜುಲೈಯಲ್ಲಿ ಗಂಡ ಹೆಂಡತಿ ರಜೆಯಲ್ಲಿ ಊರಿಗೆ ಹೋಗಿದ್ದರು. ಅಲ್ಲಿ ಪೊರ್ಬುಗಳು ಬೆಳಿಗ್ಗೆ ಚಹಾ ಕುಡಿಯುತ್ತಾ ಕುಳಿತವರು ಹಾಗೇ ಒರಗಿದರು. ಖಲಾಸ್. ಇಲ್ಲಿಗೆ ಫೋನ್ ಬಂದಾಗ ಐವಿ ಮನೆಯಲ್ಲಿದ್ದಳು, ರೋಶ್ನಿ ಆಪರೇಷನ್ ಥಿಯೇಟರಿನ ಒಳಗೆ. ಜುಲೈ ಅಂದರೆ ಗೊತ್ತಲ್ಲ, ಶಾಲೆಗಳಿಗೆಲ್ಲ ರಜೆ, ವಿಮಾನದಲ್ಲಿ ನಿಂತು ಹೋಗುತ್ತೇನೆ ಅಂದರೂ ಜಾಗ ಇಲ್ಲ. ನಮ್ಮವರು ಯಾರ್ಯಾರ ಕೈಕಾಲೋ ಹಿಡಿದು ಸಾಯಂಕಾಲದ ಬೊಂಬಾಯಿ ವಿಮಾನಕ್ಕೆ ಒಂದು ಸೀಟು ಮಾಡಿಸಿದರು. ಒಂದೇ ಒಂದು. ಐವಿ ಆಸ್ಪತ್ರೆಗೆ ಫೋನ್ ಮಾಡಿದಳು, ಥಿಯೇಟರಿನ ಒಳಗಿದ್ದವರನ್ನು ಕರೆಯಲಿಕ್ಕೆ ಆಗುವುದಿಲ್ಲ ಅಂದರು. ಮತ್ತೆ ಮಾಡಿದಳು. ಮತ್ತೆ ಅದೇ ಉತ್ತರ. ಕಾಯುವ ಹಾಗಿರಲಿಲ್ಲ, ಹೊರಟುಬಿಟ್ಟಳು. ರೋಶ್ನಿ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆರೆದು ಸುದ್ದಿ ಹೇಳಿದವಳು ನಾನು. ಆ ಹುಡುಗಿ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. ಅವಳಿಗೆ ಸೀಟು ಸಿಕ್ಕಿ ಊರು ಮುಟ್ಟುವಾಗ ಅಪ್ಪನಿಗೆ ಮಣ್ಣು ಕೊಟ್ಟಾಗಿತ್ತು.

“ನನ್ನನ್ನು ಒಂದು ಮಾತು ಕೇಳಲಿಲ್ಲ,” ಅಂದಳಂತೆ ರೋಶ್ನಿ. “ಕೇಳುತ್ತಾ ಕೂತಿದ್ದರೆ ಇಬ್ಬರಿಗೂ ಸಿಗುತ್ತಿರಲಿಲ್ಲ,” ಅಂದಳಂತೆ ಐವಿ. ನೀವೇ ಹೇಳಿ, ಇದರಲ್ಲಿ ಯಾರದು ತಪ್ಪು? ನನಗಂತೂ ಗೊತ್ತಾಗಲಿಲ್ಲ. ಆದರೆ ಅವತ್ತಿನಿಂದ ಅಕ್ಕ ತಂಗಿ ಮಾತು ಬಿಟ್ಟರು.

ಮಾತು ಬಿಟ್ಟದ್ದು ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಮಾರಾಯ್ರೆ! ಒಂದೇ ಮೇಜು, ಒಂದೇ ಕೋಣೆ, ಮಂಚ ಮಾತ್ರ ಬೇರೆ. “ಮಮ್ಮಿ, ಉಪ್ಪು ಕೊಡಲಿಕ್ಕೆ ಅವಳಿಗೆ ಹೇಳು.” ಉಪ್ಪು ಅವಳ ಕೈಯ ಹತ್ತಿರವೇ ಇರುತ್ತಿತ್ತು. ಬಾಯಮ್ಮ ಹೇಳಬೇಕು, “ಐವಿ, ಉಪ್ಪು.” ಐವಿ ಉಪ್ಪನ್ನು ಅಮ್ಮನಿಗೆ ಕೊಡಬೇಕು, ಅಮ್ಮ ರೋಶ್ನಿಗೆ. “ಮಮ್ಮಿ, ಗೀಸರ್ ಆಫ್ ಮಾಡಿದಳಾ ಕೇಳು.” “ಮಮ್ಮಿ, ಮಾಡಿದ್ದೇನೆ ಅಂತ ಹೇಳು.” ನಾನು ಒಮ್ಮೆ ತಡೆಯಲಾರದೆ ಇಬ್ಬರಿಗೂ ಸರಿಯಾಗಿ ಕೊಟ್ಟೆ. “ನಿಮ್ಮ ಅಮ್ಮ ಏನು ಟೆಲಿಫೋನ್ ಎಕ್ಸ್‌ಚೇಂಜಾ?” ಅಂತ. ಇಬ್ಬರೂ ತಲೆ ತಗ್ಗಿಸಿದರು. ಮರುದಿನ ಅದೇ ರಾಗ.

ಅವರಲ್ಲಿ ಸೆಪ್ಟೆಂಬರ್ ಎಂಟಕ್ಕೆ ತೆನೆ ಹಬ್ಬ. ಮೊಂತಿ ಫೆಸ್ತ್ ಅನ್ನುತ್ತಾರೆ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಅರೆದು ಹಾಲಿಗೆ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುವುದು. ಮನೆಯವರೆಲ್ಲ ಒಟ್ಟಿಗೆ ತಿನ್ನಬೇಕು. ಪರದೇಶದಲ್ಲಿ ಇದ್ದವರಿಗೆ ಅವರ ಪಾಲಿನ ಕಾಳು ಕವರಿನಲ್ಲಿ ಹೋಗುತ್ತದೆ. ಬಾಯಮ್ಮನಿಗೆ ಇಲ್ಲಿಯ ಇಗರ್ಜಿಯ ತೆನೆ ಸಾಲದು, ತನ್ನ ಊರಿನದ್ದೇ ಆಗಬೇಕು. ಅವರ ತಮ್ಮ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ಪೊರ್ಬುಗಳು ತೀರಿಕೊಂಡ ವರ್ಷದ ಹಬ್ಬದಲ್ಲಿ ರೋಶ್ನಿ ತನ್ನ ಲೋಟ ಎತ್ತಿಕೊಂಡು ಕೋಣೆಗೆ ನಡೆದಳು, ಐವಿ ಅಡಿಗೆಮನೆಯಲ್ಲಿ ನಿಂತು ಕುಡಿದಳು. ಬಾಯಮ್ಮ ತನ್ನ ಲೋಟ ಕೆಳಗಿಟ್ಟರು.

“ನೀವಿಬ್ಬರೂ ಒಟ್ಟಿಗೆ ತಿನ್ನುವ ದಿವಸ ನಾನೂ ತಿನ್ನುತ್ತೇನೆ,” ಅಂದರು.

ಹೆಣ್ಣುಮಕ್ಕಳು ಅದನ್ನು ಹಟದ ಮಾತು ಅಂದುಕೊಂಡರು. ನನಗೆ ಗೊತ್ತಿತ್ತು, ಈ ಹೆಂಗಸು ಹೇಳಿದರೆ ಹೇಳಿದ್ದೇ. ಅವತ್ತಿನಿಂದ ಪ್ರತಿ ವರ್ಷ ತನ್ನ ಪಾಲಿನ ನಾಲ್ಕು ಕಾಳು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಮಾತೆಯ ಪ್ರತಿಮೆಯ ಹಿಂದೆ ಇಡುತ್ತಿದ್ದರು. ಹೊಸ ವರ್ಷದ ತೆನೆ ಬಂದಾಗ ಹಳೆಯದನ್ನು ತೆಗೆದು ನಮ್ಮ ಕಿಟಕಿಗೆ ಬರುವ ಪಾರಿವಾಳಗಳಿಗೆ ಹಾಕುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ ಕೆನಡಾದ ಹುಚ್ಚು. ಎರಡು ಸಾವಿರದ ಮೂರರ ಸುಮಾರಿಗೆ ಇಲ್ಲಿಯ ನರ್ಸುಗಳು ಒಬ್ಬರ ಹಿಂದೆ ಒಬ್ಬರು ಹೊರಟರು. ಐವಿಯೂ ಅರ್ಜಿ ಹಾಕಿದಳು, ರೋಶ್ನಿಯೂ ಹಾಕಿದಳು, ಒಬ್ಬರಿಗೊಬ್ಬರು ಹೇಳದೆ. ಕೆಲಸ ಸಿಕ್ಕಿದ್ದು ದೊಡ್ಡ ಪಟ್ಟಣದಲ್ಲಿ ಅಲ್ಲ, ಉತ್ತರದ ಮೂಲೆಯ ಹಳ್ಳಿಗಳಲ್ಲಿ. ಕಾಡು, ಕೆರೆ, ಹಿಮ, ಅಲ್ಲಿಯ ಮೂಲನಿವಾಸಿಗಳ ನಾಲ್ಕು ನೂರು ಐನೂರು ಜನ, ಅವರಿಗೊಂದು ಸಣ್ಣ ಆಸ್ಪತ್ರೆ. ರೋಶ್ನಿಗೆ ಎರಡು ಮೂರು ಊರು ಆರಿಸುವ ಅವಕಾಶ ಇತ್ತು. ಬಾಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. “ಅಕ್ಕನ ಊರಿಗೆ ಯಾವುದು ಹತ್ತಿರವೋ ಅಲ್ಲಿಗೆ ಹೋಗುವುದಾದರೆ ಹೋಗು. ಇಲ್ಲದಿದ್ದರೆ ನನ್ನ ಹೆಣ ದಾಟಿ ಹೋಗು.”

ಹತ್ತಿರ ಯಾವುದು ಅಂತ ನೋಡಲಿಕ್ಕೆ ನಮ್ಮವರ ಆಫೀಸಿಗೆ ಬಂದರು. ಗೋಡೆಯಲ್ಲಿ ಇಡೀ ಗೋಡೆ ತುಂಬುವ ಭೂಪಟ ಉಂಟು. ನಮ್ಮವರಿಗೆ ಒಂದು ರೋಗ, ‘ಗೊತ್ತಿಲ್ಲ’ ಅಂತ ಹೇಳಲಿಕ್ಕೆ ನಾಲಿಗೆ ಹೊರಳುವುದಿಲ್ಲ. ಸ್ಟೂಲು ಹತ್ತಿ, ಸ್ಕೇಲು ಇಟ್ಟು, ಕನ್ನಡಕ ಏರಿಸಿ, “ವಿಮಾನದ ದಾರಿಯಲ್ಲಿ ನೂರೈವತ್ತು ಕಿಲೋಮೀಟರ್ ಬಾಯಮ್ಮ, ಹೆಚ್ಚೆಂದರೆ! ಮಂಗಳೂರಿನಿಂದ ಭಟ್ಕಳ ಅಂತ ಇಟ್ಟುಕೊಳ್ಳಿ,” ಅಂದರು. ಬಾಯಮ್ಮ ತಾನೂ ಬೆರಳಿಟ್ಟು ನೋಡಿದರು. ಐವಿಯ ಊರಿನ ಚುಕ್ಕೆಯ ಮೇಲೆ ಉಗುರಿನ ತುದಿ ಇಟ್ಟರೆ ರೋಶ್ನಿಯ ಊರಿನ ಚುಕ್ಕೆಗೆ ಮೊದಲನೇ ಗೆಣ್ಣು ಮುಟ್ಟಿತು.

“ಒಂದು ಗೆಣ್ಣು!” ಅಂದರು ಬಾಯಮ್ಮ. ಮುಖ ಅರಳಿತ್ತು. “ರಜೆ ಇದ್ದ ದಿನ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು.”

ಕುವೈಟಿನಲ್ಲಿ ಇದ್ದವರ ಲೆಕ್ಕವೇ ಹಾಗೆ. ಇಡೀ ದೇಶದ ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಒಂದು ನಿದ್ದೆ ಆಗುವಷ್ಟರಲ್ಲಿ ಮುಗಿಯುತ್ತದೆ. ಹತ್ತಿರ ಅಂದರೆ ರಸ್ತೆ ಇದ್ದೇ ಇರುತ್ತದೆ, ರಸ್ತೆ ಇದ್ದರೆ ಟ್ಯಾಕ್ಸಿ ಇದ್ದೇ ಇರುತ್ತದೆ. ಅಲ್ಲಿ ರಸ್ತೆ ಉಂಟಾ ಅಂತ ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಹೋದ ಮೇಲೆ ಗೊತ್ತಾಗಿತ್ತು. ಆದರೆ ಹೇಳಲಿಲ್ಲ. ಹೇಳಿದರೆ ಅಮ್ಮ ಹೆದರುತ್ತಾರೆ ಅಂತ ಒಂದು. ಇನ್ನೊಂದು, ರಸ್ತೆ ಇಲ್ಲ ಅಂದರೆ ವಿಮಾನದಲ್ಲಾದರೂ ಹೋಗು ಅಂತ ಅಮ್ಮ ಹಿಂದೆ ಬೀಳುತ್ತಾರೆ, ಡ್ಯೂಟಿ, ಚಳಿ, ಶೀತ ಅಂದರೆ ಜಾರಿಕೊಳ್ಳಬಹುದಲ್ಲ.

ಮೂರು ವರ್ಷ ಬಾಯಮ್ಮ ವಾರ ವಾರ ಫೋನಿನಲ್ಲಿ ಕೇಳಿದ್ದೇ ಕೇಳಿದ್ದು. “ತಂಗಿಯ ಮನೆಗೆ ಹೋದೆಯಾ?” “ಇಲ್ಲ ಮಮ್ಮಿ.” “ಅಕ್ಕ ಬಂದಿದ್ದಳಾ?” “ಅವಳು ಯಾಕೆ ಬರುತ್ತಾಳೆ ಮಮ್ಮಿ.” ಫೋನ್ ಇಟ್ಟ ಮೇಲೆ ನಮ್ಮ ಮನೆಗೆ ಬಂದು ಸುಮ್ಮನೆ ಕುಳಿತುಕೊಳ್ಳುತ್ತಿದ್ದರು. ಮಾತಿನ ಮಲ್ಲಿ ಸುಮ್ಮನೆ ಕುಳಿತರೆ ನೋಡಲಿಕ್ಕೆ ಆಗುತ್ತದಾ? ನಾನು ಏನಾದರೂ ಕೀಟಲೆ ಮಾಡಿ ಎಬ್ಬಿಸಲಿಕ್ಕೆ ನೋಡುತ್ತಿದ್ದೆ. ಒಂದು ದಿನ ಹೇಳಿದರು, “ಸುಬೈದಾ, ನನ್ನನ್ನು ನೋಡಲಿಕ್ಕೆ ಅವರು ಬಾರದಿದ್ದರೂ ಚಿಂತೆ ಇಲ್ಲ. ನಾಳೆ ನಾನೂ ಹೋಗುತ್ತೇನೆ. ಆಮೇಲೆ ಈ ಭೂಮಿಯಲ್ಲಿ ಅವಳಿಗೆ ಇವಳು, ಇವಳಿಗೆ ಅವಳು. ಅಷ್ಟು ಹತ್ತಿರ ಇಟ್ಟು ಬಂದೆನಲ್ಲ, ಆದರೂ ಸೇರಲಿಲ್ಲವಲ್ಲ.” ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರ ಆಗುತ್ತಿತ್ತು.

ಎರಡು ಸಾವಿರದ ಆರರ ಸೆಪ್ಟೆಂಬರಿನಲ್ಲಿ ತೆನೆ ಬಂತು. ಬಾಯಮ್ಮ ನನ್ನ ಅಡಿಗೆಮನೆಯ ಮೇಜಿನ ಮೇಲೆ ಎರಡು ಕವರು ಹರಡಿ ಕುಳಿತರು. ಮುಖದಲ್ಲಿ ಕಳ್ಳನಗು. ಒಂದು ಕವರು ಐವಿಗೆ, ಒಂದು ರೋಶ್ನಿಗೆ. ಅದು ಪ್ರತಿ ವರ್ಷ ಇದ್ದದ್ದೇ. ಆದರೆ ಈ ಸಲ ಐವಿಗೆ ಫೋನಿನಲ್ಲಿ ಹೀಗೆ ಹೇಳಿದರು: “ಕಾಳು ಸ್ವಲ್ಪವೇ ಬಂದದ್ದು, ಹಾಗಾಗಿ ಕಳಿಸಿದ್ದು ಒಂದೇ ಕವರು, ನಿನಗೆ. ಅದರಲ್ಲಿ ಇಬ್ಬರ ಪಾಲೂ ಉಂಟು. ಸತ್ತವರ ದಿನ ಬರುತ್ತದಲ್ಲ, ನವೆಂಬರ್ ಎರಡು, ಆ ದಿನ ನೀನೇ ತಂಗಿಯ ಮನೆಗೆ ಹೋಗಿ, ಕೈಯಾರೆ ಕೊಟ್ಟು, ಪಪ್ಪನ ಹೆಸರಿನಲ್ಲಿ ಒಟ್ಟಿಗೆ ತಿನ್ನಿ. ಬರುತ್ತೇನೆ ಅಂತ ಮೊದಲೇ ಹೇಳಿಕಳಿಸಬೇಡ, ಅವಳು ಬೇಡ ಅಂದುಬಿಡುತ್ತಾಳೆ.” ಫೋನ್ ಇಟ್ಟು, ನೀರು ಕುಡಿದು, ರೋಶ್ನಿಗೆ ಫೋನ್ ಮಾಡಿ ಅದನ್ನೇ ಒಪ್ಪಿಸಿದರು. ಒಂದು ಅಕ್ಷರ ಆಚೀಚೆ ಇಲ್ಲ, ತಂಗಿ ಇದ್ದಲ್ಲಿ ಅಕ್ಕ ಅಷ್ಟೇ.

“ಬಾಯಮ್ಮ, ಇದು ಸುಳ್ಳಲ್ಲವಾ?” ಅಂದೆ.

“ಕುಂಬಸಾರದಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ. ಪಾದ್ರಿಯವರಿಗೂ ಕೇಳಲಿಕ್ಕೆ ಏನಾದರೂ ಬೇಡವಾ?”

“ಒಬ್ಬಳಾದರೂ ಹೊರಡಲಿ ಅಂತ ಇಬ್ಬರಿಗೂ ಹೇಳಿದಿರಿ. ಸರಿ. ಇಬ್ಬರೂ ಹೊರಟರೆ?”

“ಹೊರಡಲಿ! ನಡುದಾರಿಯಲ್ಲಿ ಸಿಗುತ್ತಾರೆ. ಖೈತಾನಿನಿಂದ ನೀನು, ಅರ್ದಿಯಾದಿಂದ ನಾನು ಹೊರಟರೆ ಮಧ್ಯದ ಸಿಗ್ನಲಿನಲ್ಲಿ ಸಿಗುವುದಿಲ್ಲವಾ? ಒಂದು ಗೆಣ್ಣಿನ ದೂರ ಸುಬೈದಾ, ಎಲ್ಲಿಗೆ ತಪ್ಪಿಸಿಕೊಂಡು ಹೋಗುತ್ತಾರೆ?”

ನನಗೂ ಅದು ಸರಿ ಅಂತಲೇ ಕಂಡಿತು.

ನವೆಂಬರ್ ಎರಡು ಗುರುವಾರ ಬಂತು. ಆಗ ಇಲ್ಲಿ ಗುರುವಾರ ಶುಕ್ರವಾರ ರಜೆ. ಬಾಯಮ್ಮ ಇಗರ್ಜಿಗೆ ಹೋಗಿ ಬಂದು, ಕೂದಲು ಬಾಚಿ, ಒಳ್ಳೆ ಸೀರೆ ಉಟ್ಟು, ಸನ್ನಾಸ್ ಬೇಯಿಸಿ ನಮ್ಮಿಬ್ಬರನ್ನೂ ಕರೆದರು. “ಸಾಯಂಕಾಲ ಅಂದರೆ ಅಲ್ಲಿ ಬೆಳಿಗ್ಗೆ. ಫೋನ್ ಬರುತ್ತದೆ, ನೀವೂ ಕೇಳಬೇಕು,” ಅಂತ. ಸ್ಟೀಲ್ ಡಬ್ಬಿಯನ್ನು ಪ್ರತಿಮೆಯ ಹಿಂದಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಹಾಲು ಕಾಯಿಸಿ ಆರಿಸಿದ್ದರು. ಮದುವೆ ಮನೆಯಲ್ಲಿ ದಿಬ್ಬಣ ಕಾಯುವವರ ಹಾಗೆ ಆಚೀಚೆ ನಡೆಯುತ್ತಿದ್ದರು.

ಫೋನ್ ಬಂತು. ಸ್ಪೀಕರ್ ಒತ್ತಿದರು.

“ಮಮ್ಮಿ, ನಾನು ರೋಶ್ನಿ. ಐವಿಯ ಮನೆಯಲ್ಲಿದ್ದೇನೆ.”

“ಜೇಜು!” ಅಂತ ಬಾಯಮ್ಮ ಎರಡೂ ಕೈ ಜೋಡಿಸಿದರು. “ಕೊಡು, ಅವಳಿಗೆ ಕೊಡು ಫೋನ್!”

“ಅವಳಿಲ್ಲ ಮಮ್ಮಿ. ರಜೆ ಹಾಕಿ ಎಲ್ಲಿಗೋ ಹೋಗಿದ್ದಾಳಂತೆ. ಎಲ್ಲಿಗೆ ಅಂತ ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ಬಾಯಮ್ಮನ ಕೈ ಹಾಗೇ ನಿಂತಿತು.

ರೋಶ್ನಿ ಹೇಳುತ್ತಾ ಹೋದಳು. ಅವಳ ಊರಿನಿಂದ ಐವಿಯ ಊರಿಗೆ ರಸ್ತೆಯೇ ಇಲ್ಲ. ನೇರ ವಿಮಾನವೂ ಇಲ್ಲ. ಅವಳ ಊರಿನ ಸಣ್ಣ ವಿಮಾನ ದಕ್ಷಿಣಕ್ಕೆ ಒಂದು ಪಟ್ಟಣಕ್ಕೆ ಇಳಿಯುತ್ತದೆ, ಅಲ್ಲಿಂದ ದೊಡ್ಡ ವಿಮಾನ ಹಿಡಿದು ವಿನ್ನಿಪೆಗ್, ಅಲ್ಲಿಂದ ಮತ್ತೆ ಸಣ್ಣ ವಿಮಾನದಲ್ಲಿ ಉತ್ತರಕ್ಕೆ ಹತ್ತಬೇಕು. ಎರಡು ದಿವಸ ಹಿಡಿಯಿತು. ಕಾಸರಗೋಡಿನಿಂದ ಮಂಗಳೂರಿಗೆ ಬರಲಿಕ್ಕೆ ಮದ್ರಾಸಿಗೆ ಹೋಗಿ ಬಂದ ಹಾಗೆ! ನಾನು ನಮ್ಮವರ ಕಡೆ ತಿರುಗಿದೆ. ನಮ್ಮವರು ಸನ್ನಾಸಿನ ತಟ್ಟೆಯನ್ನೇ ನೋಡುತ್ತಿದ್ದರು.

“ಇಷ್ಟು ದೂರ ಯಾಕೆ ಹೋದೆ ಮಗಾ?” ಅಂದರು ಬಾಯಮ್ಮ. ಸ್ವರ ಸಣ್ಣಗಾಗಿತ್ತು.

“ನೀನು ಹೇಳಿದೆಯಲ್ಲ,” ಅಂದಳು ರೋಶ್ನಿ. “ಮಮ್ಮಿ, ವಿಮಾನ ಇಳಿದ ಕೂಡಲೇ ಒಬ್ಬಳು ಅಜ್ಜಿ ನನ್ನ ಮುಖ ನೋಡಿ ‘ನೀನು ರೋಶ್ನಿ’ ಅಂದಳು. ನಾನು ಯಾರು ಅಂತ ಹೇಳುವ ಮೊದಲೇ. ಅವಳೇ ಐವಿಯ ಮನೆಯ ಕೀ ಕೊಟ್ಟಳು. ಇಲ್ಲಿ ಅಂಗಡಿಯವನಿಗೆ ನಾನು ಗೊತ್ತು, ಮಕ್ಕಳಿಗೆ ಗೊತ್ತು. ನಾನು ಪಪ್ಪನ ಹೆಗಲ ಮೇಲೆ ಕೂತು ಅವರ ತಲೆಗೂದಲಿಗೆ ಮಿಠಾಯಿ ಅಂಟಿಸಿದ್ದು ಕೂಡ ಆ ಅಜ್ಜಿಗೆ ಗೊತ್ತು ಮಮ್ಮಿ. ನನ್ನ ಹತ್ತಿರ ಮಾತಾಡದವಳು ಇಡೀ ಊರಿಗೆ ನನ್ನ ಸುದ್ದಿ ಹೇಳಿಕೊಂಡು ಕೂತಿದ್ದಾಳೆ.” ಜೋರಾಗಿ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಬಾಯಮ್ಮ ಅಳಲಿಲ್ಲ. ಐವಿ ಎಲ್ಲಿಗೆ ಹೊರಟಿದ್ದಾಳೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ಮಾತಾಡುತ್ತೇನೆ ಅಂತ ಫೋನ್ ಇಟ್ಟು ನಮ್ಮವರ ಎದುರು ನಿಂತರು.

“ಬ್ಯಾರಿ, ಒಂದು ಗೆಣ್ಣು ಅಂದೆಯಲ್ಲ.”

“ಗೆಣ್ಣು ಅಂದದ್ದು ನೀವು ಬಾಯಮ್ಮ. ನಾನು ಕಿಲೋಮೀಟರ್ ಹೇಳಿದ್ದು,” ಅಂದರು ನಮ್ಮವರು. ಇಂಥ ಹೊತ್ತಿನಲ್ಲೂ ವಾದ! ನಾನು ಕಣ್ಣು ಬಿಟ್ಟೆ. ಪಾಪ, ತಗ್ಗಿದ ಸ್ವರದಲ್ಲಿ ವಿವರಿಸಿದರು. ರೋಶ್ನಿ ಆ ಕಡೆಯಿಂದ ಹತ್ತಿ ಬಂದ ಆಕಾಶದಲ್ಲೇ ಐವಿ ಈ ಕಡೆಯಿಂದ ಹೋಗಿರಬೇಕು. ವಿನ್ನಿಪೆಗ್‌ನಲ್ಲಿ ಒಬ್ಬಳು ಇಳಿಯುವಾಗ ಇನ್ನೊಬ್ಬಳು ಹಾರಿರಬೇಕು. ಬಾಯಮ್ಮ ಕುರ್ಚಿಯಲ್ಲಿ ಕುಸಿದು ಕುಳಿತರು.

ಸ್ವಲ್ಪ ಹೊತ್ತಿನಲ್ಲಿ ಎರಡನೇ ಫೋನ್ ಬಂತು. ಐವಿ. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಒಳ್ಳೆಯದಿತ್ತು.

“ರೋಶ್ನಿಯ ಊರಿಗೆ ಬಂದಿದ್ದೇನೆ ಮಮ್ಮಿ. ಅವಳಿಲ್ಲ. ನಾನು ಅವಳ ಅಕ್ಕ ಅಂತ ಆಸ್ಪತ್ರೆಯಲ್ಲಿ ಹೇಳಿದೆ. ರೋಶ್ನಿಗೆ ಅಕ್ಕ ಇಲ್ಲ, ಅವಳೊಬ್ಬಳೇ ಮಗಳು ಅಂದರು. ಅವಳೇ ಹಾಗೆ ಹೇಳಿದ್ದಾಳಂತೆ. ಪಾಸ್‌ಪೋರ್ಟಿನಲ್ಲಿ ಪಪ್ಪನ ಹೆಸರು ತೋರಿಸಿದ ಮೇಲೆ ಕೀ ಕೊಟ್ಟರು.”

ಬಾಯಮ್ಮ ಫೋನಿನ ಹತ್ತಿರ ಬಗ್ಗಿದರು.

“ಹಿಮ ಬೀಳುತ್ತಾ ಉಂಟು, ವಿಮಾನ ಬಂದ್. ಶುರುವಾದ ಕೂಡಲೇ ಹೊರಡುತ್ತೇನೆ. ಕಾಳನ್ನು ಅವಳ ಮೇಜಿನ ಮೇಲೆ ಇಟ್ಟಿದ್ದೇನೆ, ನೀನು ಹೇಳಿದ ಕೆಲಸ ಆಯಿತು. ಇನ್ನು ಮುಂದೆ ಅವಳ ವಿಷಯ ನನ್ನ ಹತ್ತಿರ ಎತ್ತಬೇಡ ಮಮ್ಮಿ. ನನಗೆ ಸಾಕಾಯಿತು.”

“ಐವಿ, ಅವಳು ನಿನ್ನ ಮನೆಯ...” ಅನ್ನುವಷ್ಟರಲ್ಲಿ ಐವಿ ಫೋನ್ ಇಟ್ಟಾಗಿತ್ತು.

ಬಾಯಮ್ಮ ತಲೆಗೆ ಕೈ ಹೊತ್ತು ಕುಳಿತರು. “ನಾನೇ ಹಾಳು ಮಾಡಿದೆ ಸುಬೈದಾ. ಮಾತಿಲ್ಲದಿದ್ದರೂ ಇದ್ದಷ್ಟು ಇತ್ತು. ಈಗ ಅದೂ ಹೋಯಿತು.” ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಪೊರ್ಬುಗಳು ಹೋದಾಗಲೂ ಆ ಹೆಂಗಸು ಇಷ್ಟು ಸೋತು ಕುಳಿತವರಲ್ಲ. ಹಾಲಿಗೆ ಕೆನೆ ಕಟ್ಟಿತ್ತು.

ಆಮೇಲೆ ಎದ್ದರು. ಐವಿಯ ಮನೆಯ ನಂಬರ್ ಒತ್ತಿದರು. ತೆಗೆದವಳು ರೋಶ್ನಿ. ಬಾಯಮ್ಮ ಎಲ್ಲ ಹೇಳಿದರು, ಎರಡು ಕವರಿನ ಸುಳ್ಳನ್ನೂ ಬಿಡಲಿಲ್ಲ. ಅಕ್ಕ ಎಲ್ಲಿದ್ದಾಳೆ, ಅವಳಿಗೆ ಅಲ್ಲಿ ಏನು ಹೇಳಿದರು, ಅವಳು ಏನಂದಳು, ಎಲ್ಲ.

“ಸಿಟ್ಟಿನಲ್ಲಿ ಹಾಗೆ ಹೇಳಿದ್ದೆ ಮಮ್ಮಿ, ಬಂದ ಹೊಸತರಲ್ಲಿ. ಆಮೇಲೆ ತಿದ್ದಲಿಕ್ಕೆ ಆಗಲಿಲ್ಲ. ಅವಳಿಗೆ ಹೇಳು, ನಾನು...”

“ಹೇಳುವುದಿಲ್ಲ!” ಅಂತ ಬಾಯಮ್ಮ ಬೊಬ್ಬೆ ಹೊಡೆದರು. ನಮ್ಮವರ ಕೈಯಿಂದ ಚಮಚ ಬಿತ್ತು. “ಎಂಟು ವರ್ಷ ನಿಮ್ಮ ಉಪ್ಪು ಸಾಗಿಸಿದೆ, ನಿಮ್ಮ ಗೀಸರ್ ಸಾಗಿಸಿದೆ, ನಿಮ್ಮ ಸಿಟ್ಟು ಸಾಗಿಸಿದೆ. ಇನ್ನು ನನ್ನ ಕೈಲಾಗುವುದಿಲ್ಲ. ಹೇಳುವುದಿದ್ದರೆ ನೀನೇ ಹೇಳು. ನಿನ್ನ ಮನೆಯ ನಂಬರ್ ನಿನಗೆ ಗೊತ್ತುಂಟಲ್ಲ?”

“ನನ್ನ ಸ್ವರ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ ಮಮ್ಮಿ. ನೀನೇ ಹೇಳು, ನಾನು ಯಾವ ಬಾಯಿಯಲ್ಲಿ ಮಾತಾಡಲಿ?”

“ಅದು ನನಗೆ ಗೊತ್ತಿಲ್ಲ,” ಅಂತ ಬಾಯಮ್ಮ ಈ ಸಲ ತಾನೇ ಫೋನ್ ಇಟ್ಟರು. ನಾನು ಅವರ ಕೈ ಹಿಡಿದುಕೊಂಡೆ.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗಿ ನಾವು ಮನೆಗೆ ಹೋಗಿ ನಮಾಜು ಮುಗಿಸಿ ಮತ್ತೆ ಬಂದೆವು. ಬಾಯಮ್ಮ ಕುಳಿತಲ್ಲೇ ಇದ್ದರು. ನಾನು ಒತ್ತಾಯ ಮಾಡಿದ ಮೇಲೆ ಐವಿಗೆ ಮತ್ತೆ ಫೋನ್ ಮಾಡಿದರು, ಹೊಟ್ಟೆಗೆ ಏನಾದರೂ ತಿಂದೆಯಾ ಅಂತ ಆದರೂ ಕೇಳೋಣ ಅಂತ.

“ತಿಂದಿಲ್ಲ. ಹಸಿವಿಲ್ಲ,” ಅಂದಳು ಐವಿ. ಅಷ್ಟರಲ್ಲಿ ಆ ಕಡೆ ಬಾಗಿಲು ಬಡಿದ ಸದ್ದು. “ಯಾರೋ ಬಂದರು, ಒಂದು ನಿಮಿಷ.” ರಿಸೀವರನ್ನು ಮೇಜಿನ ಮೇಲೆ ಇಟ್ಟದ್ದು ಕೇಳಿಸಿತು. ನಾವು ಮೂವರೂ ಸ್ಪೀಕರಿನ ಹತ್ತಿರ ಬಗ್ಗಿದೆವು. ಗಾಳಿಯ ಹೂಂಕಾರ, ದಪ್ಪ ಬೂಟುಗಳ ಸದ್ದು, ಆಮೇಲೆ ಒಬ್ಬ ಗಂಡಸಿನ ಸ್ವರ, ನಿಧಾನದ ಇಂಗ್ಲಿಷು.

“ನೀನು ರೋಶ್ನಿಯ ಅಕ್ಕನಾ?”

ಬಾಯಮ್ಮ ನನ್ನ ಮೊಣಕೈ ಹಿಡಿದವರು ಉಗುರು ಊರಿಬಿಟ್ಟರು.

“ಹೌದು,” ಅಂದಳು ಐವಿ.

“ರೇಡಿಯೋದಲ್ಲಿ ಹೇಳಿದಳು. ಮೀನು ತಂದಿದ್ದೇನೆ.”

ಆ ಊರಿನಲ್ಲಿ ಒಂದು ಸಣ್ಣ ರೇಡಿಯೋ ಉಂಟಂತೆ, ಯಾರದೋ ಮನೆಯ ಹಿಂಬದಿಯ ಕೋಣೆಯಲ್ಲಿ ನಡೆಯುವುದು. ಯಾರ ನಾಯಿ ಕಳೆದುಹೋಯಿತು, ಯಾರ ಹುಟ್ಟುಹಬ್ಬ, ವಿಮಾನ ಬರುತ್ತದಾ ಇಲ್ಲವಾ, ಎಲ್ಲ ಅದರಲ್ಲೇ. ಯಾರು ಫೋನ್ ಮಾಡಿದರೂ ಅವರ ಸ್ವರ ಮನೆಮನೆಗೆ ಕೇಳುತ್ತದೆ. ರೋಶ್ನಿ ಅಕ್ಕನಿಗೆ ಫೋನ್ ಮಾಡುವ ಧೈರ್ಯ ಇಲ್ಲದೆ ರೇಡಿಯೋಗೆ ಫೋನ್ ಮಾಡಿದ್ದಾಳೆ!

ಮತ್ತೆ ಬಾಗಿಲು. ಈ ಸಲ ಒಬ್ಬಳು ಹೆಂಗಸು, ಜೊತೆಗೆ ಮಕ್ಕಳ ಗಲಾಟೆ. ಆ ಹೆಂಗಸು ದೊಡ್ಡ ಗಂಟಲಿನವಳು, ನಮಗೆ ಒಂದೊಂದು ಶಬ್ದವೂ ಕೇಳಿಸಿತು. “ಅವಳು ಏನು ಹೇಳಿದಳು ಗೊತ್ತಾ? ‘ನನಗೆ ಅಕ್ಕ ಇಲ್ಲ ಅಂತ ಹೇಳಿದ್ದೆ, ಅದು ಸುಳ್ಳು. ನನ್ನ ಅಕ್ಕ ನನ್ನ ಮನೆಗೆ ಬಂದಿದ್ದಾಳೆ, ನಾನು ಇಲ್ಲಿ ಅವಳ ಮನೆಯಲ್ಲಿದ್ದೇನೆ. ಅವಳು ಒಬ್ಬಳೇ ಇದ್ದರೆ ಊಟ ಮಾಡುವುದಿಲ್ಲ, ಸಣ್ಣದರಿಂದ ಹಾಗೆ. ಯಾರಾದರೂ ಹೋಗಿ ಅವಳ ಜೊತೆ ಕುಳಿತು ಊಟ ಮಾಡಿ’ ಅಂದಳು. ನಾವು ಬಂದೆವು. ತಟ್ಟೆ ಎಲ್ಲಿದೆ?”

ಆಮೇಲೆ ಒಂದು ಸದ್ದು ಕೇಳಿಸಿತು. ಮೊದಲು ಗೊತ್ತಾಗಲಿಲ್ಲ. ಐವಿ ಅಳುತ್ತಿದ್ದಳು. ಅಪ್ಪ ಸತ್ತಾಗ ಕೂಡ ಎಲ್ಲರೆದುರು ಅಳದ ಹುಡುಗಿ, ಅಪರಿಚಿತರ ನಡುವೆ ಸಣ್ಣ ಮಗುವಿನ ಹಾಗೆ ಅಳುತ್ತಿದ್ದಳು. ಬಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾ ಕುಳಿತರು, ಒಂದು ಉಸಿರೂ ಹೊರಗೆ ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಐವಿಗೆ ಫೋನಿನ ನೆನಪಾಯಿತು.

“ಮಮ್ಮಿ, ಇದ್ದೀಯಾ?”

“ಇದ್ದೇನೆ ಮಗಾ.”

“ಇಲ್ಲಿ ತುಂಬ ಜನ ಬಂದಿದ್ದಾರೆ. ಕಾಳು ಅರೆಯಬೇಕು ಅಂತಿದ್ದೇನೆ. ಇವಳು ಹಾಲು ಎಲ್ಲಿಟ್ಟಿದ್ದಾಳೋ ಸಿಗುತ್ತಾ ಇಲ್ಲ.”

ಬಾಯಮ್ಮ ಹಳೇ ಅಭ್ಯಾಸದಲ್ಲಿ “ತಡಿ, ನಾನು ಅವಳ ಹತ್ತಿರ...” ಅಂದರು.

“ಬೇಡ ಮಮ್ಮಿ. ಇಡುತ್ತೇನೆ. ನಾನೇ ಕೇಳುತ್ತೇನೆ.”

ಫೋನ್ ಕಟ್ ಆಯಿತು. ಬಾಯಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸ್ವಲ್ಪ ತಡೆದು ಅವರು ಐವಿ ಇದ್ದ ಮನೆಯ ನಂಬರ್ ಒತ್ತಿದರು. ಎಂಗೇಜ್. ರೋಶ್ನಿ ಇದ್ದ ಮನೆಯದ್ದು ಒತ್ತಿದರು. ಅದೂ ಎಂಗೇಜ್. ಮತ್ತೆ ಅದು, ಮತ್ತೆ ಇದು.

“ಕೇಳು ಸುಬೈದಾ,” ಅಂತ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಟೂಂ ಟೂಂ ಅನ್ನುತ್ತಿತ್ತು. ನಮ್ಮವರ ಕಿವಿಗೂ ಹಿಡಿದರು. “ಕೇಳು ಬ್ಯಾರಿ, ಎರಡೂ ಎಂಗೇಜ್!” ನಗುತ್ತಿದ್ದರು, ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂದಿತ್ತು.

ನಾನು ಹಾಲು ಬಿಸಿ ಮಾಡಿ ಕಾಳು ಅರೆದು ಕೊಡುತ್ತೇನೆ ಅಂತ ಎದ್ದೆ. ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸ್ಟೀಲ್ ಡಬ್ಬಿ ತೆರೆದು, ನಾಲ್ಕು ಭತ್ತದ ಕಾಳನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ, ಹಾಗೇ ಬಾಯಿಗೆ ಹಾಕಿಕೊಂಡು ಕಟಕಟ ಅಂತ ಅಗಿದರು.